ಬಿರುಕಿನ ಮೇಲಿನ ಗಾಜು

೧೯೯೬ರ ನವೆಂಬರ್ ೧೫, ಶುಕ್ರವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಸಿಕಂದರಾಬಾದ್ ಬಳಿಯ ಕುಷಾಯಿಗೂಡ ಠಾಣೆಗೆ ಬಂದ ಗಿರಿಜಾಬಾಯಿ ಹಿಂದಿಯಲ್ಲೇ ಮಾತು ತೆಗೆದಿದ್ದಳು. ತನ್ನ ಖಾನಾವಳಿಯಲ್ಲಿ ಉಣ್ಣುವ ಹೆಡ್ ಕಾನ್‌ಸ್ಟೇಬಲ್ ಸೂಗಪ್ಪ ಕಣ್ಣಿಗೆ ಬಿದ್ದದ್ದೇ ತಡ, ಕನ್ನಡಕ್ಕೆ ಇಳಿದಳು. ಇನ್‌ಸ್ಪೆಕ್ಟರ್ ನರಹರಿಯ ಹಿರಿಯರೂ ಕಲಬುರಗಿಯವರೇ, ಅಡ್ಡಿಯಾಗಲಿಲ್ಲ.

"ಸಾಹೇಬ್ರ, ಸೋಮವಾರ ನನ್ನ ಮನಿ ಖಾಲಿ ಮಾಡಸ್ತಾರಂತ. ಮನಿ ಬೀಳತೈತಂತ. ತಾನಾಗೇ ಬೀಳಾಕತ್ತಿಲ್ಲರಿ ಅದು, ಯಾರೋ ಬೀಳಸಾಕತ್ತಾರ."

ವಿಷಯ ಇಷ್ಟು. ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟಿಗೆಂದು ಹನ್ನೆರಡು ಅಡಿ ತೋಡಿದ್ದರು. ಆಕೆಯ ಅಡುಗೆಮನೆಯ ಹಿಂಗೋಡೆ ಬಿರುಕು ಬಿಟ್ಟಿತು. ಪುರಸಭೆಯ ಪರವಾಗಿ ಪರೀಕ್ಷೆಗೆ ಬಂದ ನಿವೃತ್ತ ಎಂಜಿನಿಯರ್ ದತ್ತಾತ್ರೇಯ, ಹೊರಗಿನಿಂದ ಬಿರುಕಿಗೆ ಅಡ್ಡಲಾಗಿ ಐದು ಕಡೆ ತೆಳುಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿ ಹೋದರು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ, ಅಲುಗದಿದ್ದರೆ ಇಲ್ಲ. ಎರಡು ತಿಂಗಳು ಒಂದೂ ಒಡೆಯಲಿಲ್ಲ. ಗುರುವಾರ ಹನ್ನೊಂದೂವರೆಗೆ ಗಿರಿಜಾಬಾಯಿ ಆ ಗೋಡೆಯ ಬುಡದಲ್ಲೇ ಪಾತ್ರೆ ತೊಳೆದಿಟ್ಟು, ಕಾರ್ಖಾನೆ ಗೇಟಿಗೆ ಊಟದ ಡಬ್ಬಿ ಒಯ್ದಳು. ಒಂದು ಗಂಟೆಗೆ ಮರಳಿದಾಗ ಐದೂ ಒಡೆದಿದ್ದವು. ಆಕೆಯೇ ಎಂಜಿನಿಯರಿಗೆ ಫೋನ್ ಮಾಡಿದಳು. ಅವರು ನಾಲ್ಕಕ್ಕೆ ಬಂದು ನೋಡಿ, ಸಂಜೆಯೇ ಪುರಸಭೆಗೆ ಹೋಗಿ ವರದಿ ಕೊಟ್ಟರು. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬಾಗಿಲಿಗೆ ನೋಟೀಸು ಅಂಟಿತು. ಸರ್ಕಾರಿ ಕಾಗದ ಇಷ್ಟು ಲಗುಬಗೆಯಿಂದ ಓಡಿದ್ದನ್ನು ನರಹರಿ ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಅವನ ಅನುಮಾನ ಅಲ್ಲಿಂದಲೇ ಶುರುವಾಯಿತು.

ಗಂಡ ಹೋದ ಮೇಲೆ ಇಪ್ಪತ್ತೆರಡು ವರ್ಷ ಆಕೆಯನ್ನು ಸಾಕಿದ್ದು ಆ ಅಡುಗೆಮನೆ. ಅದು ಹೋದರೆ ಜೋಳದ ರೊಟ್ಟಿ ಬಡಿಯಲು ಬೇರೆ ಜಾಗವಿಲ್ಲ. ಅತಿಕ್ರಮ ಪ್ರವೇಶ ಮತ್ತು ಹಾನಿ ಎಂದು ಎಫ್‌ಐಆರ್ ದಾಖಲಾಯಿತು.

ಹನ್ನೊಂದು ಗಂಟೆಗೆ ನೆರೆಯ ಇಬ್ಬರನ್ನು ಕರೆದು ಪಂಚನಾಮೆ ನಡೆಸಿದರು. ಗೋಡೆ ಅಲುಗಿದ್ದರೆ ಗಾಜು ಬಿರುಕಿನ ಸಾಲಿಗೇ ಒಂದೇ ಗೆರೆಯಾಗಿ ಸೀಳಬೇಕಿತ್ತು. ಇಲ್ಲಿ ಐದೂ ಪಟ್ಟಿಗಳು ಒಂದು ಬಿಂದುವಿನಿಂದ ಸುತ್ತಲೂ ಸಿಡಿದು ಚೂರಾಗಿದ್ದವು. ಬಿರುಕಿನ ತುದಿಯಲ್ಲಿ ಸೆಪ್ಟೆಂಬರಿನಲ್ಲಿ ಎಂಜಿನಿಯರ್ ಹಾಕಿದ ಪೆನ್ಸಿಲ್ ಗುರುತಿತ್ತು. ಬಿರುಕು ಅದನ್ನು ಕೂದಲೆಳೆಯಷ್ಟೂ ದಾಟಿರಲಿಲ್ಲ.

"ಸುತ್ತಿಗಿ ಏಟ್ರಿ ಸಾಹೇಬ್ರ," ಎಂದ ಸೂಗಪ್ಪ. ಹಿತ್ತಲ ಗೇಟಿಗೆ ಬರೀ ಚಿಲಕ, ಬೀಗವಿಲ್ಲ.

ಯಾರಿಗೆ ಲಾಭ? ಪಕ್ಕದ ಬಿಲ್ಡರ್ ವೆಂಕಟೇಶನಿಗೆ. ಜಹೀರಾಬಾದ್ ಕಡೆಯವ, ಆ ಮನೆ ಕೊಡೆಂದು ಎರಡು ಸಲ ಕೇಳಿದ್ದ. ನರಹರಿ ಬಾಯಿ ತೆರೆಯುವ ಮೊದಲೇ ಅವನು, "ಗಾಜು ನಾ ಒಡದಿಲ್ರಿ ಸಾಬ್," ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ!

"ಗಾಜಿನ ಮಾತು ನಾ ಎಲ್ಲಿ ತಗದೆ?"

"ಕಾಲೊನಿ ತುಂಬ ನನ್ನ ಹೆಸರೇ ಹೇಳಾಕತ್ತಾರ. ಗುರುವಾರ ಕಾಂಕ್ರೀಟ್ ಮಿಕ್ಸರ್ ಕೆಟ್ಟಿತ್ರಿ, ನನ್ನ ಸೈಟಿನ್ಯಾಗ ವಾಚ್‌ಮನ್ ಬಿಟ್ಟರ ಒಂದ ಆಳೂ ಇದ್ದಿಲ್ಲ. ನಾ ಅಬಿಡ್ಸ್ ಬಜಾರಿನ್ಯಾಗ ಅದರ ಪಾರ್ಟ್ ಹುಡುಕಾಕತ್ತಿದ್ದೆ."

ನರಹರಿ ನಂಬಲಿಲ್ಲ. ಸೂಗಪ್ಪ ಅಬಿಡ್ಸಿನ ಅಂಗಡಿಗೆ ಹೋಗಿ ರಸೀದಿ ತಾಳೆ ನೋಡಿ, ಸೈಟಿನ ವಾಚ್‌ಮನ್‌ನನ್ನೂ ವಿಚಾರಿಸಿ ಬಂದ. ಮಾತು ನಿಜವಿತ್ತು. ವಾಚ್‌ಮನ್ ಇನ್ನೊಂದು ಮಾತೂ ಹೇಳಿದ್ದ: ಗುರುವಾರ ಗಿರಿಜಾಬಾಯಿಯ ಹಿತ್ತಲಿಗೆ ಎಂಜಿನಿಯರ್ ಸಾಹೇಬರ ಹೊರತು ಹೊರಗಿನವರು ಯಾರೂ ಹೋಗಿಲ್ಲ. ಎಷ್ಟು ಹೊತ್ತಿಗೆ ಹೋದರೆಂದು ಮಾತ್ರ ಅವನಿಗೆ ನೆನಪಿರಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯಿತೇ? ಶನಿವಾರ ಹತ್ತು ಗಂಟೆಗೆ ನರಹರಿ ಸಿಕಂದರಾಬಾದಿನ ದತ್ತಾತ್ರೇಯರ ಮನೆಯಲ್ಲಿದ್ದ. ಅರವತ್ತೆರಡರ ಮನುಷ್ಯ, ಮೂವತ್ತೊಂದು ವರ್ಷ ಕಾರ್ಖಾನೆಯೊಂದರ ಕಟ್ಟಡ ವಿಭಾಗದಲ್ಲಿ ದುಡಿದು ನಿವೃತ್ತರಾದವರು.

"ಗುರುವಾರ ಎಷ್ಟಕ್ಕ ಹೋದ್ರಿ?"

"ನಾಕಕ್ಕ. ಗಿರಿಜಾಬಾಯಿ ಫೋನ್ ಮಾಡಿದ ಮ್ಯಾಲ."

"ಅದಕ್ಕೂ ಮದಲು?"

"ಇಲ್ಲ."

"ನಿಮ್ಮ ರಜಿಸ್ಟರ್ ತೋರಸ್ರಿ."

ಅವರು ತೆಗೆದುಕೊಟ್ಟರು. ಕಂಡದ್ದನ್ನು ಕಂಡ ಗಳಿಗೆಯಲ್ಲೇ ಗಂಟೆ ನಿಮಿಷ ಹಾಕಿ ಬರೆಯುವುದು ಅವರ ವ್ರತ. ಮುತ್ತಿನಂಥ ಅಕ್ಷರ, ಒಂದೂ ಚಿತ್ತಿಲ್ಲ. ನರಹರಿ ಗುರುವಾರದ ಪುಟ ತೆಗೆದ. '೧೪-೧೧-೯೬. ಹಗಲು ೧೧.೫೫. ಪಟ್ಟಿ ೧ರಿಂದ ೫, ಒಡೆದಿವೆ.'

"ನಾಕಕ್ಕ ನೋಡಿದ್ದು ಹನ್ನೊಂದು ಐವತ್ತೈದಕ್ಕ ಹ್ಯಾಂಗ ಬರದ್ರಿ?"

ದತ್ತಾತ್ರೇಯರು ಕೈಚಾಚಿ ರಜಿಸ್ಟರ್ ಮುಚ್ಚಿದರು.

"ನೀವೇ ಒಡದ್ರಿ."

"ಹೂಂ."

"ಒಡೀದೇ, ಒಡದೈತಿ ಅಂತ ಬರದಿದ್ರ ಯಾರು ಕೇಳತಿದ್ರು?"

ದತ್ತಾತ್ರೇಯರು ಆ ಮಾತೇ ಅರ್ಥವಾಗದವರಂತೆ ನೋಡಿದರು. "ಒಡೀದ ಗಾಜು ಒಡದೈತಿ ಅಂತ ಹ್ಯಾಂಗ ಬರೀಲ್ರಿ? ರಜಿಸ್ಟರಿನ್ಯಾಗ ನಾ ಸುಳ್ಳು ಬರದಾವಲ್ಲ."

ನರಹರಿ ಎದ್ದು ಕೋಣೆ ಹುಡುಕಿದ. ಸುತ್ತಿಗೆ ಮೇಜಿನ ಕೆಳಗೇ ಸಿಕ್ಕಿತು. ಹನ್ನೊಂದು ನಲವತ್ತಕ್ಕೆ ಬಂಧನ. ಬಿಲ್ಡರನಿಂದ ಅವರು ಒಂದು ಕಪ್ ಚಹಾ ಕೂಡ ಕುಡಿದಿರಲಿಲ್ಲ. ಹಾಗಾದರೆ ಏಕೆ? ಠಾಣೆಗೆ ಕರೆಸಿದ್ದ ಗಿರಿಜಾಬಾಯಿ ಅದನ್ನೇ ಕೇಳಿದಳು.

"ನಿಮಗ ನಾ ಏನು ಮಾಡಿದ್ದೆರಿ?"

"ಏನೂ ಇಲ್ಲವ್ವ. ತೊಂಬತ್ತೆರಡರಾಗ ಮಲ್ಕಾಜಗಿರಿಯೊಳಗ ಒಂದು ಮನಿಗೂ ಹಿಂಗೇ ಗಾಜು ಹಚ್ಚಿದ್ದೆ. ಎರಡು ತಿಂಗಳು ಒಡೀಲಿಲ್ಲ. ಮನಿ ಗಟ್ಟಿ ಐತಿ ಅಂತ ಬರದುಕೊಟ್ಟೆ. ಎಂಟನೇ ದಿನಕ್ಕ ಬಿತ್ತು. ಒಳಗ ಬಾಣಂತಿ ಇದ್ದಳು, ಕೂಸಿತ್ತು. ನಿಮ್ಮ ಗಾಜಿಗೂ ಎರಡು ತಿಂಗಳಾತು, ಮತ್ತ ಗಟ್ಟಿ ಐತಿ ಅಂತ ಬರದುಕೊಡೂದು ನನ್ನಿಂದ ಆಗಲಿಲ್ಲ."

ಆ ಕೇಸಿನ ಕಡತವನ್ನು ನರಹರಿ ಆಮೇಲೆ ತರಿಸಿ ನೋಡಿದ. ನೆಲದಡಿಯ ನೀರಿನ ಪೈಪು ಒಡೆದು ಪಾಯ ಕುಸಿದಿತ್ತು, ಎಂಜಿನಿಯರದು ತಪ್ಪಿಲ್ಲ ಎಂದು ಬರೆದಿತ್ತು.

"ನನ್ನ ಮನಿ ಗಟ್ಟಿ ಐತೋ ಇಲ್ಲೋ, ಅದಷ್ಟ ಹೇಳ್ರಿ," ಎಂದಳು ಗಿರಿಜಾಬಾಯಿ.

"ಆ ಮಾತು ಮಾತ್ರ ನನ್ನ ಕೇಳಬ್ಯಾಡ್ರಿ."

ನರಹರಿಯ ಪತ್ರದ ಮೇಲೆ ಪುರಸಭೆ ನೋಟೀಸನ್ನು ತಡೆಹಿಡಿಯಿತು. ಸೋಮವಾರ ಬೇರೆ ಇಬ್ಬರು ಎಂಜಿನಿಯರುಗಳು ಬಂದು ನೋಡಿ, ಮನೆಗೆ ಭಯವಿಲ್ಲವೆಂದು ಸಹಿ ಹಾಕಿದರು. ಬುಧವಾರ ಮಧ್ಯಾಹ್ನ ನರಹರಿ, ಸೂಗಪ್ಪ ಖಾನಾವಳಿಗೆ ಉಣ್ಣಲು ಹೋದರು. ಗಿರಿಜಾಬಾಯಿ ನಗುನಗುತ್ತ ಬಿಸಿ ರೊಟ್ಟಿ ಹಾಕಿದಳು. ಅಡುಗೆಮನೆಗೆ ಆಕೆಯೇ ಹೊರಗಿನಿಂದ ಬೀಗ ಹಾಕಿದ್ದಳು. ಒಲೆಯನ್ನು ಆಕೆ ಬೀದಿಬಾಗಿಲಿನ ಪಕ್ಕಕ್ಕೆ ತಂದಿಟ್ಟುಕೊಂಡಿದ್ದಳು.