ಹುಚ್ಚೆಳ್ಳು ಹೂವಿನ ನವಿಲು

"ಚಿಕ್ಕಪ್ಪಾ! ನನ್ ರಂಗೋಲಿ!"

ಚಿನ್ನು ಕಿರುಚುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಬಾಗಿಲಿಗೆ ಬಂದ ಸಂತೋಷ್ ಚಿಕ್ಕಪ್ಪನ ಕೈಯಿಂದ ಚೊಂಬು ಜಾರಿ, ಠಣ್ ಠಣ್ ಅಂತ ಮೆಟ್ಟಿಲು ಇಳಿದು, ನೀರೆಲ್ಲ ರಂಗೋಲಿಯ ಮೇಲೆ ಹರಿದಿತ್ತು. ಧನುರ್ಮಾಸದ ಚಳಿಯಲ್ಲಿ ಎದ್ದು, ಸಗಣಿ ಸಾರಿಸಿದ ಅಂಗಳದಲ್ಲಿ ಚುಕ್ಕಿ ಇಟ್ಟು ಬಿಡಿಸಿದ ನವಿಲು ಅದು! ಅದರ ಕುತ್ತಿಗೆ ಈಗ ಚರಂಡಿಯ ಕಡೆ ಹೊರಟಿತ್ತು.

ಚಿಕ್ಕಪ್ಪ ಸಾರಿ ಕೂಡ ಅನ್ನಲಿಲ್ಲ. ಅವನ ಕಣ್ಣು ಚಿನ್ನುವಿನ ಕೈಯಲ್ಲಿದ್ದ ಬಿಳಿ ಪುಡಿಯ ಡಬ್ಬದ ಮೇಲೇ ನೆಟ್ಟಿತ್ತು. ಅಂಥ ಚಳಿಯಲ್ಲೂ ಹಣೆಯಲ್ಲಿ ಬೆವರು. ಸರಕ್ಕನೆ ತಿರುಗಿ ಒಳಗೆ ಹೋಗಿ ರೂಮಿನ ಬಾಗಿಲು ಹಾಕಿಕೊಂಡ.

ಸಂತೋಷ್ ಚಿನ್ನುವಿನ ಅಪ್ಪ ಶಿವಶಂಕರನ ತಮ್ಮ. ಪಾರ್ಟಿಗಳಿಗೆ ಸೌಂಡ್ ಸಿಸ್ಟಂ ಹಾಕುತ್ತ ಊರೂರು ತಿರುಗುತ್ತಿದ್ದ. ಅವನು ತೊಣ್ಣೂರಿಗೆ ಬಂದನೆಂದರೆ ಸಾಕು, ಕೊಟ್ಟಿಗೆಯಲ್ಲಿದ್ದ ಎಮ್ಮೆಗೂ ಹಾಡು ಕೇಳುವ ಭಾಗ್ಯ. ದಸರೆ ಕಳೆದ ಮೇಲೆ ಅಪ್ಪ ಅವನನ್ನು ಮೈಸೂರಿನ ಆಸ್ಪತ್ರೆಯಿಂದ ಕರೆದುಕೊಂಡು ಬಂದ. ಊರವರಿಗೆಲ್ಲ ಜಾಂಡೀಸ್ ಅಂತ ಹೇಳಿದ್ದಾಯಿತು. ಚಿನ್ನುವಿಗೆ ಮಾತ್ರ ಅಪ್ಪ ನಿಜ ಹೇಳಿದ್ದ.

"ನಿನ್ ಚಿಕ್ಕಪ್ಪಂಗೆ ಡ್ರಗ್ಸ್ ಕಾಯಿಲೆ ಕಣವ್ವ. ಕೊಕೇನ್ ಅಂತ. ಈಗ ಬುಟ್ಬುಟ್ಟವ್ನೆ."

ಬಿಟ್ಟ ಮೇಲೆ ಮುಗಿಯಿತಲ್ಲ? ಮತ್ತೆ ಇವನೇಕೆ ಹೀಗೆ ಕಲ್ಲಿನ ಹಾಗೆ ಕೂರುತ್ತಾನೆ? ಚಿನ್ನುವಿಗೆ ಇದೊಂದು ಅರ್ಥವೇ ಆಗುತ್ತಿರಲಿಲ್ಲ.

ಮೊದಲೆಲ್ಲ ಊಟದಲ್ಲಿ ಅವನಷ್ಟು ಕೊಂಕು ತೆಗೆಯುವವರು ಯಾರೂ ಇರಲಿಲ್ಲ. "ಉಪ್ಪಿಲ್ಲ, ಹುಳಿ ಇಲ್ಲ. ಇದೇನವ್ವ, ಸಾರಾ ಕೆರೆ ನೀರಾ?" ಅನ್ನುತ್ತಿದ್ದ. ಮಾಯಮ್ಮಜ್ಜಿ ಸೌಟು ಹಿಡಿದೇ ಜಗಳಕ್ಕೆ ನಿಲ್ಲುತ್ತಿದ್ದಳು. ಮೊನ್ನೆ ಅಜ್ಜಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಅಪ್ಪ, ಚಿನ್ನು ಒಂದೇ ತುತ್ತಿಗೆ ಮುಖ ಕಿವುಚಿದರು. ಚಿಕ್ಕಪ್ಪ ಮಾತ್ರ ಇಡೀ ಮುದ್ದೆ ನುಂಗಿ, ಕೈ ತೊಳೆದು ಎದ್ದು ಹೋದ.

ಅಜ್ಜಿ ಒಲೆಯ ಕಡೆ ತಿರುಗಿ, "ಹೊಗೆ" ಅನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ಗ್ಯಾಸ್ ಒಲೆ.

ನವಿಲು ಕೊಚ್ಚಿಹೋದ ಮರುದಿನದಿಂದ ಚಿಕ್ಕಪ್ಪ ಹಿತ್ತಲ ಬಾಗಿಲಿನಿಂದ ಓಡಾಡತೊಡಗಿದ.

"ನನ್ ರಂಗೋಲಿ ಕಂಡ್ರೆ ಅವ್ನಿಗೆ ಆಗಾಕಿಲ್ಲ ಅಜ್ಜಿ," ಅಂತ ಚಿನ್ನು ದೂರು ಕೊಟ್ಟಳು.

"ಅಂಗಲ್ಲ ಕಣೆ. ಮಗೀಗೆ ಯಾರ್ದೋ ಕಣ್ಣು ಬಿದ್ದದೆ," ಅಂದಳು ಅಜ್ಜಿ. "ಮನೆ ತುಂಬ ರಂಗೋಲಿ ಬುಡು. ಅವ್ನ್ ರೂಮ್ ಬಾಗ್ಲಿಗೂ ಬುಡು, ಹಿತ್ಲಿಗೂ ಬುಡು. ಎಲ್ಲಿ ಕಾಲಿಟ್ರೂ ಒಳ್ಳೇದೇ ಆಗ್ಬೇಕು."

ಪಾಂಡವಪುರದ ಸಂತೆಯಿಂದ ಅಜ್ಜಿ ದೊಡ್ಡ ಚೀಲದ ತುಂಬ ರಂಗೋಲಿ ಪುಡಿ ತಂದಳು. ಭಾನುವಾರ ಅಪ್ಪ ಗದ್ದೆಗೆ, ಅಮ್ಮ ಡೈರಿಗೆ ಹೋದ ಹೊತ್ತಿನಲ್ಲಿ ಅಜ್ಜಿ ಮೊಮ್ಮಗಳಿಬ್ಬರೂ ಸೊಂಟ ಕಟ್ಟಿ ನಿಂತರು. ಹೊಸಿಲು, ನಡುಮನೆ, ರೂಮಿನ ಬಾಗಿಲು, ಹಿತ್ತಲು, ಎಲ್ಲೆಲ್ಲೂ ಬೆಳ್ಳಗೆ ಬಳ್ಳಿ ಹಬ್ಬಿತು. ಸ್ವಲ್ಪ ಉಳಿದ ಪುಡಿಯನ್ನೂ ಬಿಡದೆ ಅಜ್ಜಿ ಮುಂಬಾಗಿಲ ಎದುರು ಒಂದು ಕಮಲ ತೀಡಿದಳು.

ರೂಮಿನ ಬಾಗಿಲು ತೆರೆಯಿತು. ಚಿಕ್ಕಪ್ಪ ನೆಲ ನೋಡಿದ. ಮುಂದೆ ನೋಡಿದ, ಹಿಂದೆ ನೋಡಿದ. ಎಲ್ಲ ಕಡೆಯೂ ಬಿಳಿ. ಅವನ ಉಸಿರು ಜೋರಾಯಿತು. ಬ್ಯಾಗು ಹೆಗಲಿಗೆ ಹಾಕಿಕೊಂಡು, ಕಮಲ ತುಳಿದು, ಬೀದಿಗೆ ಓಡಿಯೇಬಿಟ್ಟ.

"ಸಂತೂ! ಲೇ ಸಂತೂ!" ಅಜ್ಜಿ ಹೊಸಿಲಲ್ಲೇ ಕುಸಿದಳು.

ಚಿನ್ನು ಓಡಿದಳು. ಬೀದಿಯ ಉದ್ದಕ್ಕೂ ಚಿಕ್ಕಪ್ಪನ ಹೆಜ್ಜೆ ಬೆಳ್ಳಗೆ ಮೂಡಿದ್ದವು. ಹೋಗುತ್ತ ಹೋಗುತ್ತ ಮಸುಕಾಗಿ, ಕೆರೆ ಏರಿಯ ಕೆಳಗಿನ ಬಸ್ ಸ್ಟಾಪಿನ ಹತ್ತಿರ ಮಾಯವಾದವು. ಅಲ್ಲಿ ಕಲ್ಲುಬೆಂಚಿನ ಮೇಲೆ ಅವನು ತಲೆ ಹಿಡಿದುಕೊಂಡು ಕೂತಿದ್ದ.

"ಮನೆಗೋಗು ಚಿನ್ನು."

"ನೀನೆಲ್ಲಿಗೆ ಓಯ್ತಿದ್ದೀಯ?"

"ಮೈಸೂರ್ಗೆ." ತಲೆ ಎತ್ತದೆ ಅಂದ, "ಸುಳ್ಳು ಏಳಾಕಿಲ್ಲ. ಆ ಪುಡಿ ಮಾರೋರ ತಾವ್ಕೆ."

ಆಸ್ಪತ್ರೆ, ಅಪ್ಪನ ಓಡಾಟ, ಅಜ್ಜಿಯ ಅಳು, ಎಲ್ಲ ಮತ್ತೆ ಮೊದಲಿಂದಲಾ?

"ನನ್ ಮೇಲೆ ಸಿಟ್ಟಾ ಚಿಕ್ಕಪ್ಪ? ನನ್ ರಂಗೋಲಿ ಮೇಲೆ?"

"ಸಿಟ್ಟಲ್ಲ ಕಣವ್ವ. ಕೊಕೇನೂ ನೋಡಾಕೆ ಅಂಗೇ ಇರ್ತದೆ, ಬೆಳ್ಳಗೆ. ಇದು ರಂಗೋಲಿ ಅಂತ ನಂಗೆ ಗೊತ್ತು. ನನ್ ಮೆದುಳಿಗೆ ಗೊತ್ತಿಲ್ಲ."

"ಮೆದುಳೂ ನಿಂದೇ ಅಲ್ವಾ?"

ಚಿಕ್ಕಪ್ಪ ಮೊಬೈಲ್ ತೆಗೆದ. ಕೈ ಎಷ್ಟು ನಡುಗುತ್ತಿತ್ತೆಂದರೆ ನಂಬರ್ ಒತ್ತಲು ಆಗಲಿಲ್ಲ. "ಪ್ರಮೀಳಾ ಮೇಡಂ ಅಂತ ಐತೆ ನೋಡು, ಆಸ್ಪತ್ರೇಲಿ ನನ್ ಕೌನ್ಸೆಲರ್ರು. ನೀನೇ ಒತ್ತು," ಅಂದ. ಚಿನ್ನು ಒತ್ತಿ ಸ್ಪೀಕರ್ ಹಾಕಿದಳು.

ಮೇಡಂ ಎಲ್ಲ ಕೇಳಿಸಿಕೊಂಡರು. ಬೈಯಲಿಲ್ಲ. "ಸಂತೋಷ್, ಬಸ್ ಹತ್ತೋ ಮೊದ್ಲು ಫೋನ್ ಮಾಡಿದ್ರಲ್ಲ, ಅದೇ ದೊಡ್ಡದು," ಅಂದರು. "ಚಿನ್ನು, ಆ ಆಸೆ ಇದೆಯಲ್ಲ, ಅದು ಅಲೆ ಥರ. ಏರುತ್ತೆ, ಏರುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ. ನಿಮ್ಮಪ್ಪಂಗೆ ನಾನೀಗ್ಲೇ ಫೋನ್ ಮಾಡಿ ಕಳಿಸ್ತೀನಿ. ಅವ್ರು ಬರೋ ತನಕ ಚಿಕ್ಕಪ್ಪನ್ನ ಮಾತಾಡಿಸ್ತಿರು. ಏನಾದ್ರೂ ಪ್ರಶ್ನೆ ಕೇಳು."

ಪ್ರಶ್ನೆ ಕೇಳಲು ಚಿನ್ನುವಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಐದನೇ ಕ್ಲಾಸಿನಲ್ಲಿ ಮೇಷ್ಟ್ರು ಅವಳಿಗೆ ಕೈ ಮುಗಿಯುತ್ತಿದ್ದುದೇ ಆ ಕಾರಣಕ್ಕೆ.

"ಇದ್ಕೆ ಮಾತ್ರೆ ಇಲ್ವಾ?"

"ಕೆಲವು ಚಟಕ್ಕೆ ಐತೆ. ಕೊಕೇನ್‌ಗೆ ಇನ್ನೂ ಹುಡುಕ್ತಾವ್ರೆ. ಮೇಡಂ ಜತೆ ಮಾತಾಡೋದು, ಟೈಮಿಗೆ ಮಲಗೋದು, ಅದನ್ನ ನೆನಪು ಮಾಡ್ಸೋ ಸಾಮಾನಿಂದ, ಜನದಿಂದ ದೂರ ಇರೋದು. ಅದೇ ಟ್ರೀಟ್‌ಮೆಂಟು."

"ಮೆದುಳೊಳಗೆ ಏನಾಯ್ತದೆ?"

ಚಿಕ್ಕಪ್ಪ ತಲೆಯೆತ್ತಿ ರಸ್ತೆಯ ಆಚೆ ನೋಡಿದ. ಅಲ್ಲಿ ಕೊಯ್ಲಾದ ಗದ್ದೆಗಳು ಒಂದರ ಕೆಳಗೊಂದು ಮಲಗಿದ್ದವು.

"ಆ ಬದು ನೋಡು. ಗದ್ದೆಗೆ ನೀರು ಬರಾಕೆ ಒಂದು ಮಡೆ, ಆಚೆ ಓಗಾಕೆ ಒಂದು ಮಡೆ. ಮೆದುಳೊಳಗೆ ಅಂಥ ಪುಟಾಣಿ ಗದ್ದೆ ಕೋಟಿ ಕೋಟಿ ಅವೆ ಅಂದ್ಕೊ. ನೀನು ಮೈಸೂರ್‌ಪಾಕ್ ತಿಂದಾಗ, ರೇಸಲ್ಲಿ ಗೆದ್ದಾಗ ಅಲ್ಲಿಗೆ ಡೋಪಮೈನ್ ಅನ್ನೋ ರಸ ಬರ್ತದೆ. 'ಇದು ಚೆನ್ನಾಗೈತೆ, ಇನ್ನೊಂದ್ ಸಲ ಮಾಡು' ಅಂತ ಏಳ್ತದೆ. ಆಮೇಲೆ ಓಗೋ ಮಡೇಲಿ ವಾಪಸ್ ಓಯ್ತದೆ. ಕೊಕೇನು ಬಂದು ಆ ಓಗೋ ಮಡೇನ ಮುಚ್ಕೊಂಡು ಕುಂತ್ಬುಡ್ತದೆ."

"ಗದ್ದೆ ತುಂಬೋಯ್ತದಲ್ಲ!"

"ತುಂಬೋಯ್ತದೆ. ಮೊದಮೊದ್ಲು ಆಕಾಶದಲ್ಲಿ ತೇಲ್ದಂಗೆ. ಆದ್ರೆ ದಿನಾ ಅಂಗೇ ನೀರು ನಿಂತ್ರೆ?"

ಚಿನ್ನು ರೈತರ ಮನೆ ಹುಡುಗಿ. "ಪೈರು ಕೊಳೀತದೆ," ಅಂದಳು ಮೆಲ್ಲಗೆ.

"ನಂದೂ ಅಂಗೇ ಆಯ್ತು. ಅಷ್ಟು ನೀರು ತಡೀನಾರ್ದೆ ಮೆದುಳು ಬರೋ ಮಡೇಲೇ ಎಷ್ಟೋ ಬಾಗ್ಲು ಮುಚ್ಬುಟ್ಟದೆ. ಈಗ ಮಾಮೂಲಿ ಖುಷಿ ಒಳಕ್ಕೇ ಬರಾಕಿಲ್ಲ. ಮೊನ್ನೆ ಸಾರಲ್ಲಿ ಉಪ್ಪಿಲ್ಲ ಅಂತ ನಂಗೂ ಗೊತ್ತಾಯ್ತು ಕಣವ್ವ. ಬೇಕು ಅಂತ ಅನ್ನಿಸ್ನಿಲ್ಲ, ಅಷ್ಟೆ."

"ಬಾಗ್ಲು ಮತ್ತೆ ತೆಗೀತದಾ?"

"ತೆಗೀತದಂತೆ. ನಿಧಾನಕ್ಕೆ. ಯಾವತ್ತು ಅಂತ ಡಾಕ್ಟ್ರಿಗೂ ಏಳಾಕಾಗಲ್ಲ."

ಚಿನ್ನು ಮೆಲ್ಲಗೆ ತನ್ನ ತಲೆ ಮುಟ್ಟಿ ನೋಡಿಕೊಂಡಳು. ಈ ಜಡೆಯ ಕೆಳಗೂ ಅಷ್ಟೊಂದು ಗದ್ದೆಗಳೇ? ಯಾರೂ ಗುದ್ದಲಿ ಹಿಡಿಯದೆ ತಾವೇ ಮಡೆ ತೆಗೆದು, ಮುಚ್ಚಿ ಮಾಡುತ್ತವೆಯೇ? ಕನ್ನಂಬಾಡಿ ಕಟ್ಟೆಯ ಗೇಟು ತೆಗೆದ ದಿನ ಅಪ್ಪನ ಹೆಗಲ ಮೇಲಿಂದ ನೋಡಿದಾಗಲೂ ಅವಳಿಗೆ ಹೀಗೇ ಮೈ ಜುಮ್ಮೆಂದಿತ್ತು.

ಅಷ್ಟರಲ್ಲಿ ಬಸ್ಸು ಬಂತು. "ಪಾಂಡವಪುರ, ಮೈಸೂರು! ಬೇಗ ಅತ್ತಿ!" ಅಂತ ಕಂಡಕ್ಟರ್ ಕೂಗಿದ.

ಚಿಕ್ಕಪ್ಪ ಎದ್ದು ನಿಂತ. ಒಂದು ಹೆಜ್ಜೆ ಮುಂದೆ ಇಟ್ಟ. ಚಿನ್ನು ಅವನ ಶರಟಿನ ತುದಿ ಹಿಡಿದುಕೊಂಡಳು. ಎಳೆದರೆ ಅವಳ ಹಿಡಿತ ಎಷ್ಟರದು? ಆದರೆ ಅವನು ಎಳೆಯಲಿಲ್ಲ. ಮುಷ್ಟಿ ಬಿಗಿದು, ಹಲ್ಲು ಕಚ್ಚಿ, ಬಸ್ಸಿನ ಬಾಗಿಲನ್ನೇ ನೋಡುತ್ತ ನಿಂತ. ಕತ್ತಿನ ನರ ಉಬ್ಬಿತ್ತು.

ಚಿನ್ನು ಕುಸ್ತಿ ನೋಡಿದ್ದಳು. ಕುಸ್ತಿಯಲ್ಲಿ ಎದುರಾಳಿ ಕಾಣುತ್ತಾನೆ. ಇಲ್ಲಿ ಯಾರೂ ಕಾಣುತ್ತಿರಲಿಲ್ಲ. ಇಷ್ಟು ಶಕ್ತಿ ಇರುವ ಮನುಷ್ಯನನ್ನು ಅವಳು ಹಿಂದೆಂದೂ ನೋಡಿರಲಿಲ್ಲ.

"ಇಲ್ಲ ಕಣಣ್ಣ. ನೀವು ಓಯ್ತಾ ಇರಿ," ಅಂದ ಚಿಕ್ಕಪ್ಪ.

"ರೈಟ್, ರೈಟ್!"

ಬಸ್ಸು ಹೋಯಿತು. ಧೂಳು ಕೆಳಗಿಳಿಯಿತು. ಚಿಕ್ಕಪ್ಪ ಮತ್ತೆ ಕೂತ. ಅವನ ಹಣೆಯ ಬೆವರು ನಿಧಾನಕ್ಕೆ ಆರುತ್ತ ಬಂತು. ಕೊನೆಗೆ ದೊಡ್ಡ ಉಸಿರು ಬಿಟ್ಟು, "ಇಳೀತು," ಅಂದ.

ಅಪ್ಪನ ಬೈಕು ಬಂದು ನಿಂತಿತು. ಹಿಂದೆ ಅಜ್ಜಿ ಕೂತಿದ್ದಳು. ಅಪ್ಪ ತಮ್ಮನ ಬೆನ್ನ ಮೇಲೆ ಕೈ ಇಟ್ಟ. ಮೇಡಂ ಫೋನಿನಲ್ಲಿ ಹೇಳಿದ್ದನ್ನೆಲ್ಲ ಅವನು ದಾರಿಯಲ್ಲೇ ಅಜ್ಜಿಗೆ ಹೇಳಿದ್ದ. ಅಜ್ಜಿ ಮಗನ ಹತ್ತಿರ ಬಂದವಳು, ಅವನನ್ನು ಮುಟ್ಟಲು ಹೋಗಿ ತಟ್ಟನೆ ನಿಂತಳು. ಅವಳ ಬೆರಳುಗಳು ಇನ್ನೂ ಬೆಳ್ಳಗೇ ಇದ್ದವು.

"ನಂಗೇನಪ್ಪ ಗೊತ್ತಿತ್ತು," ಅನ್ನುತ್ತ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಆಮೇಲೆ ಏರಿ ಹತ್ತಿ, ಆಚೆ ಇಳಿದು, ತೊಣ್ಣೂರು ಕೆರೆಯ ತಿಳಿನೀರಿನಲ್ಲಿ ಎರಡೂ ಕೈ ತಿಕ್ಕಿ ತಿಕ್ಕಿ ತೊಳೆದಳು. ಚಿನ್ನುವೂ ಪಕ್ಕದಲ್ಲಿ ಕೂತು ತನ್ನ ಕೈ ತೊಳೆದುಕೊಂಡಳು.

ಮನೆಗೆ ಹೋಗಿ ಅಪ್ಪ ಅಮ್ಮ ಇಬ್ಬರೂ ನೆಲ ಒರೆಸಿದರು. ಬಳಿದು ತೆಗೆದ ಪುಡಿ ತಿಪ್ಪೆ ಸೇರಿತು. ಆದರೆ ಅಜ್ಜಿಗೆ ಇನ್ನೊಂದು ಚಿಂತೆ ಹತ್ತಿಕೊಂಡಿತು. "ಧನುರ್ಮಾಸ್ದಲ್ಲಿ ಮನೆ ಮುಂದೆ ಬೋಳು ಬುಡಾಕಾಯ್ತದಾ? ಜನ ಏನಂದ್ಕತಾರೆ?"

ಚಿನ್ನು ಅಂಗಳದಲ್ಲಿದ್ದ ಬೆನವನನ್ನು, ಸಗಣಿಯ ಪುಟ್ಟ ಗಣಪನನ್ನು, ನೋಡಿದಳು. ಧನುರ್ಮಾಸದಲ್ಲಿ ದಿನವೂ ಬೆನವನ ತಲೆಗೆ ಹುಚ್ಚೆಳ್ಳು ಹೂ ಸಿಕ್ಕಿಸುತ್ತಾರೆ. ಹೊಲದ ಅಂಚಿನ ತುಂಬ ಅವೇ ಹೂಗಳು, ಹಳದಿ ಹಳದಿ. ತಲೆಗೆ ಆಗುವ ಹೂ ನೆಲಕ್ಕೆ ಆಗುವುದಿಲ್ಲವೇ?

ಮರುದಿನ ಬೆಳಿಗ್ಗೆ ಅವಳು ಮಂಕರಿ ತುಂಬ ಹೂ ತಂದು, ಒಂದೊಂದಾಗಿ ಜೋಡಿಸುತ್ತ ಹೋದಳು. ಹಸಿರು ಸಗಣಿಯ ನೆಲದ ಮೇಲೆ ಚಿನ್ನದ ಬಣ್ಣದ ನವಿಲು ಎದ್ದಿತು. ಚಿಕ್ಕಪ್ಪ ಹಿತ್ತಲ ಕಡೆ ಹೊರಟವನು ಹಿಂದಿರುಗಿ ಮುಂಬಾಗಿಲಿಗೆ ಬಂದ. ಬಹಳ ಹೊತ್ತು ನೋಡಿದ. ಮೆಟ್ಟಿಲಿಳಿದು ಕುಕ್ಕರಗಾಲಲ್ಲಿ ಕೂತು, ಕಣ್ಣಿನ ಜಾಗದಲ್ಲಿ ಒಂದು ಹೂ ಇಟ್ಟ.

ಅವತ್ತಿಗೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಊಟಕ್ಕೆ ಕೂತಾಗ ಅದೇ ಮೌನ. ಕೆಲವು ದಿನ ಅವನು ಹಾಸಿಗೆ ಬಿಟ್ಟೇ ಏಳುತ್ತಿರಲಿಲ್ಲ. ಕೆಲವು ದಿನ ಅಪ್ಪನ ಜೊತೆ ಏರಿಯ ಮೇಲೆ ದಾಪುಗಾಲು ಹಾಕಿ ನಡೆಯುತ್ತಿದ್ದ. ವಾರಕ್ಕೊಮ್ಮೆ ಮೈಸೂರಿನ ಬಸ್ಸು ಹತ್ತುತ್ತಿದ್ದ, ಅಪ್ಪನ ಜೊತೆ, ಪ್ರಮೀಳಾ ಮೇಡಂ ಹತ್ತಿರಕ್ಕೆ. ಚಿನ್ನು ಮಾತ್ರ ದಿನವೂ ಹೂ ಜೋಡಿಸುತ್ತಿದ್ದಳು.

ಸಂಕ್ರಾಂತಿ ಹತ್ತಿರ ಬಂತು. ಅಜ್ಜಿ ಸೊಗಡಿನ ಅವರೆಕಾಯಿ ಬಿಡಿಸಿ ಸಾರು ಮಾಡಿದ್ದಳು. ಬಿಸಿ ಮುದ್ದೆ ಮುರಿದು, ಸಾರಿಗೆ ಅದ್ದಿ, ಚಿಕ್ಕಪ್ಪ ಒಂದು ತುತ್ತು ನುಂಗಿದ. ಕೈ ಹಾಗೇ ನಿಂತಿತು.

"ಅವ್ವ, ಉಪ್ಪು ಜಾಸ್ತಿ ಆಯ್ತು."

ಅಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅಮ್ಮ ಅಜ್ಜಿಯ ಮುಖ ನೋಡಿದಳು. ತನ್ನ ಅಡುಗೆಗೆ ಹೆಸರಿಟ್ಟವರನ್ನು ಸುಮ್ಮನೆ ಬಿಟ್ಟವಳೇ ಅಲ್ಲ ಮಾಯಮ್ಮಜ್ಜಿ. ಈಗ ಸೌಟು ಹಿಡಿದು ನಿಂತವಳ ತುಟಿ ಅದುರುತ್ತಿತ್ತು.

"ಜಾಸ್ತಿ ಆಯ್ತೇನಪ್ಪ?" ಅಂದಳು.

ಚಿನ್ನು ಬೆರಳದ್ದಿ ನೆಕ್ಕಿ ನೋಡಿದಳು. ಉಪ್ಪು ಹದವಾಗಿಯೇ ಇತ್ತು. ಅವಳು ತುಟಿ ಬಿಚ್ಚದೆ ಚಿಕ್ಕಪ್ಪನ ತಲೆಯನ್ನೇ ಕಣ್ಣರಳಿಸಿ ನೋಡುತ್ತ ಕೂತಳು. ಆ ಕೆದರಿದ ಕೂದಲ ಕೆಳಗೆ, ಕೋಟಿ ಗದ್ದೆಗಳ ನಡುವೆ ಎಲ್ಲೋ, ಒಂದು ಪುಟಾಣಿ ಬಾಗಿಲು ತೆರೆದುಕೊಂಡಿತ್ತು.

"ಊಂ, ಜಾಸ್ತಿ," ಅಂದ ಚಿಕ್ಕಪ್ಪ, ತಟ್ಟೆಯನ್ನು ಅಜ್ಜಿಯ ಕಡೆ ಸರಿಸುತ್ತ. "ಇನ್ನೊಂದ್ ಸೌಟು ಇಕ್ಕು."