ಬೆಟ್ಟಯ್ಯನ ಹೆಜ್ಜೆ

ಆ ಕಾಸಿನ ಸರ ನ್ಯಾಯವಾಗಿ ತನ್ನದು ಎಂಬುದರಲ್ಲಿ ಸೇತುರಾಮನಿಗೆ ಯಾವ ಅನುಮಾನವೂ ಇರಲಿಲ್ಲ. ಅವನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಅಜ್ಜಿ ನರಸಮ್ಮ, "ಇದು ನಿನ್ ಹೆಂಡ್ತಿಗೆ ಕಣೋ" ಎನ್ನುತ್ತ ಬಂದಿದ್ದಳು. ಪ್ರೆಸ್ಸಿನ ಕೆಲಸ ಹೋದದ್ದೇ ತಡ, ಮಾತು ಬದಲಾಯಿತು. ಸರ ಈಗ ತಂಗಿಯ ಮದುವೆಗಂತೆ. ಅವನಿಗೆ ಮೈಯೆಲ್ಲ ಉರಿದುಹೋಯಿತು.

ಹಾಗೆ ನೋಡಿದರೆ ಹೆಂಡತಿ ಅವನಿಗೂ ಬೇಕಿರಲಿಲ್ಲ. ಬೇಕಿದ್ದದ್ದು ಮಾತ್ರೆ. ಗೋವಾಕ್ಕೆ ಹೋಗಿಬರುವ ಗೆಳೆಯ ಮುನಿರಾಜು ತರುತ್ತಿದ್ದ, ಎಕ್ಸ್‌ಟಸಿ ಎಂಬ ಅಮಲಿನ ಬಿಳಿ ಮಾತ್ರೆ. ಮೊದಮೊದಲು ಒಂದು ನುಂಗಿದರೆ ವಿಜಯನಗರದ ಬಸ್ಸಿನ ಸಿಡುಕು ಕಂಡಕ್ಟರನ ಮೇಲೂ ಪ್ರೀತಿ ಉಕ್ಕುತ್ತಿತ್ತು. ಶನಿವಾರದ ಮೋಜು ದಿನದ ಗೀಳಾಯಿತು, ಒಂದು ಹೋಗಿ ಮೂರಾಯಿತು, ಪ್ರೀತಿ ಮಾತ್ರ ಮತ್ತೆ ಈ ಕಡೆ ತಲೆಹಾಕಲಿಲ್ಲ. ಬಂದದ್ದು ನಿದ್ದೆಗೇಡು, ಕಾರಣವಿಲ್ಲದ ಅಳು, ಮರೆವು. ಅಚ್ಚಿನ ಮೊಳೆ ಜೋಡಿಸುವಾಗ ಅರ್ಧ ಸಾಲಿಗೇ ಮುಂದಿನ ಪದ ಮಾಯವಾಗುತ್ತಿತ್ತು. ಪ್ರೆಸ್ಸಿನ ಮಾಲೀಕ ಮನೆಗೆ ಕಳಿಸಿದ್ದು ಅದಕ್ಕೇ. ಮಾತ್ರೆ ಸಾಕಷ್ಟು ಸಿಗದಿದ್ದರಿಂದಲೇ ಹೀಗಾಯಿತು ಎಂದು ಸೇತುರಾಮ ನಂಬಿದ್ದ.

ಸರ ಕದ್ದು ಮಾರುವ ಹಂಚಿಕೆ ಮಾತ್ರ ಅಚ್ಚುಕಟ್ಟಾಗಿತ್ತು. ವರಮಹಾಲಕ್ಷ್ಮಿ ಹಬ್ಬದ ದಿನ ಸರ ಪೆಟ್ಟಿಗೆಯಿಂದ ಹೊರಬಂದು ದೇವಿಯ ಕೊರಳೇರುತ್ತದೆ. ಸಂಜೆ ಅಮ್ಮ ಕಲ್ಯಾಣಮ್ಮ ತಂಗಿಯನ್ನು ಕರೆದುಕೊಂಡು ಗೋವಿಂದರಾಜನಗರದ ಮನೆಮನೆಗೆ ಅರಿಶಿನ ಕುಂಕುಮಕ್ಕೆ ಹೋಗುತ್ತಾಳೆ. ಅಪ್ಪನಿಗೆ ಗಿರಣಿಯಲ್ಲಿ ಸೆಕೆಂಡ್ ಶಿಫ್ಟು. ಉಳಿಯುವವಳು ಅಜ್ಜಿ. ಪೊರೆ ತೆಗೆಸಿಕೊಂಡು ಬಂದವಳ ಎರಡೂ ಕಣ್ಣಿಗೆ ಪಟ್ಟಿ. ತಲೆ ಅಲ್ಲಾಡಿಸಬಾರದೆಂದು ಡಾಕ್ಟರು ಹೇಳಿದ್ದರು.

ಕಾಣದಿದ್ದರೇನು, ಕಿವಿ ಮೂಗು ಚುರುಕಾಗಿದ್ದವು. ಸೇತುರಾಮನಿಗೆ ಬೇಕಾಗಿದ್ದದ್ದೂ ಅದೇ. ಅಜ್ಜಿ ಪೊಲೀಸರ ಮುಂದೆ ಬೆಟ್ಟಯ್ಯನ ಹೆಸರು ಹೇಳಬೇಕಿತ್ತು. ಸೂರಿನ ಹೆಂಚು ಕೈಯಾಡಿಸಲು ವಾರದಿಂದ ಬರುತ್ತಿದ್ದ ಗಾರೆಯವನು ಅವನು, ಒಂದು ಕಾಲು ಕುಂಟು, ಬಾಯಲ್ಲಿ ಸದಾ ಬೀಡಿ. ಸೇತುರಾಮ ಹಿತ್ತಲಲ್ಲಿ ಆ ಕುಂಟು ನಡಿಗೆಯನ್ನು ಅಭ್ಯಾಸ ಮಾಡಿದ. ಮರೆತುಹೋದೀತೆಂದು ಮತ್ತೆ ಮಾಡಿದ. ಕೂತಲ್ಲಿ ಕೂರಲಾಗದೆ ಇನ್ನೊಮ್ಮೆ ಮಾಡಿದ. ಬೆಟ್ಟಯ್ಯ ಪಾಪ ಒಳ್ಳೆಯವನೇ. ಒಳ್ಳೆಯವರಿಗೆ ಜಾಮೀನು ಕೊಡಲು ಯಾರಾದರೂ ಸಿಕ್ಕೇ ಸಿಗುತ್ತಾರೆ ಎಂದು ಸಮಾಧಾನ ಹೇಳಿಕೊಂಡ.

ಹಬ್ಬದ ಸಂಜೆ, "ಮಹಾಲಕ್ಷ್ಮಿ ಲೇಔಟ್‌ಗೆ ಹೋಗ್ತಾ ಇದೀನಮ್ಮ, ಬರೋದು ಲೇಟಾಗುತ್ತೆ" ಎಂದು ಅಮ್ಮನಿಗೆ ಹೇಳಿ, ಅವಳ ಕಣ್ಣೆದುರೇ ಹೊರಟ. ಹೆಂಗಸರು ಬೀದಿ ದಾಟಿದ ಮೇಲೆ ಹಿತ್ತಲಿಂದ ಒಳಗೆ ಬಂದ. ಬೀಡಿಯ ಹೊಗೆ ಅಂಗಿಗೆಲ್ಲ ಹಿಡಿಸಿಕೊಂಡಿದ್ದ. ಕಾಲೆಳೆಯುತ್ತ ನಡುಮನೆಗೆ ಕಾಲಿಟ್ಟ.

"ಯಾರು, ಬೆಟ್ಟಯ್ಯನಾ?" ಎಂದಳು ಮಂಚದ ಮೇಲಿದ್ದ ಅಜ್ಜಿ.

ಅವನಿಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು. ದೇವಿಯ ಮುಂದಕ್ಕೆ ಕಾಲೆಳೆದ. ಸರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತೆಗೆದ. ಒಂದು ಕಾಸೂ ಸದ್ದು ಮಾಡಲಿಲ್ಲ. ಅದೇ ಕುಂಟು ಹೆಜ್ಜೆಯಲ್ಲಿ ಹಿತ್ತಲ ಬಾಗಿಲವರೆಗೆ ಬಂದ.

"ಸೇತು, ಅಮ್ಮನೋರ ಸರ ಅಲ್ಲೇ ಇಡು ಕಣೋ," ಎಂದಳು ಅಜ್ಜಿ, ತಲೆ ಅಲ್ಲಾಡಿಸದೆ. "ಆ ಬೆಟ್ಟಯ್ಯನ ತಲೆಗೆ ಯಾಕೆ ಕಟ್ತೀಯ?" ಹೆಜ್ಜೆ ತಪ್ಪಿರಲಿಲ್ಲ, ವಾಸನೆ ತಪ್ಪಿರಲಿಲ್ಲ, ಬಾಯಿಂದ ಒಂದಕ್ಷರವೂ ಹೊರಟಿರಲಿಲ್ಲ. "ನಿಂಗೆ ಹೆಂಗೆ ಗೊತ್ತಾಯ್ತು?" ಎಂದು ಅವನು ಕೇಳಿಯೇಬಿಟ್ಟ. "ಹಲ್ಲು ಕಡೀತಾ ಇದೀಯಲ್ಲೋ. ಆ ಹಾಳು ಮಾತ್ರೆ ಶುರುವಾದಾಗಿಂದ ಹಗಲೂ ರಾತ್ರಿ ಕರಕರ ಅಂತೀಯ. ಮನೇಲಿ ಎಲ್ರಿಗೂ ಕೇಳ್ಸುತ್ತೆ, ನಿನ್ನೊಬ್ಬನ್ನ ಬಿಟ್ಟು." ಸೇತುರಾಮ ಎರಡೂ ಕೈಯಿಂದ ದವಡೆಯನ್ನು ಅದುಮಿ ಹಿಡಿದ. ಅದು ನಿಲ್ಲಲಿಲ್ಲ.