ಎಡಕ್ಕೆ ಸುತ್ತಿದ ದಂಟು

"ಇದು ನೀನು ಮಾಡಿದ ಹೂವಲ್ಲ ಕಣಮ್ಮ ಅಫ್ಸಾನಾ," ಅಂದರು ನಮ್ಮ ಮನೆಗೆ ಬಂದಿದ್ದ ಗಂಗಾಲಕ್ಷ್ಮಿ. ನನ್ನ ಬಟ್ಟೆ ಹೂಗಳನ್ನು ಶಿರಾ ಪೇಟೆಯ ತಮ್ಮ ಅಂಗಡಿಯಲ್ಲಿ ಮಾರುವವರು ಅವರೇ. "ದಂಟಿನ ಹಸಿರು ಟೇಪು ಎಡಕ್ಕೆ ಸುತ್ತೈತೆ. ಇಂಗೆ ಸುತ್ತುತಿದ್ದೋಳು ನಿಮ್ಮ ಎಡಚಿ ಜಮೀಲಾ ಒಬ್ಳೇ."

ಜಮೀಲಾ ಆಪಾ ನನ್ನ ಒಡಹುಟ್ಟಿದ ಅಕ್ಕ. ಅವಳು ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ.

"ಆಪಾ ಮಾಡಿಟ್ಟಿದ್ದ ಹಳೇದಿರ್ಬೇಕು."

"ಹಳೇದು ಹೆಂಗಾದೀತು? ಈ ಹಳದಿ ಬಟ್ಟೆ ಮೊನ್ನೆ ನಾನೇ ತಂದ್ಕೊಟ್ಟಿದ್ದು."

ಇನ್ನು ಮುಚ್ಚಿಡಲಾಗದೆ ಹೇಳಿಬಿಟ್ಟೆ. ಮಧ್ಯಾಹ್ನ ಒಳಗೆ ನಮಾಜು ಮುಗಿಸಿ ಪಡಸಾಲೆಗೆ ಬಂದರೆ, ಕತ್ತರಿಸಿಟ್ಟ ಎಸಳುಗಳು ಹೂವಾಗಿರುತ್ತವೆ. ಎಸಳಿನ ಅಂಚು ಮುದುರಿಸಲು ಇಟ್ಟ ಮೇಣದಬತ್ತಿ, ನಾನು ಹಚ್ಚದಿದ್ದರೂ, ಮೆತ್ತಗಾಗಿರುತ್ತದೆ. ಆಪಾ ಕೂರುತ್ತಿದ್ದ ಕಡೆ ಚಾಪೆ ಬೆಚ್ಚಗಿರುತ್ತದೆ.

"ಇವತ್ತೇ ನಮ್ಮನೆಗೆ ಬಂದ್ಬುಡು. ಮೌಲ್ವಿಗಳನ್ನ ಕರೆಸಿ ಏನಾದ್ರೂ ಓದ್ಸಾಣ."

"ಓದಿಸಿದ್ರೆ ಅವಳು ಬರೋದು ನಿಂತೋಗಲ್ವಾ ಅಕ್ಕ?"

ಗಂಗಾಲಕ್ಷ್ಮಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ನಾನು ಒಂದು ಹಿಡಿ ಎಸಳು ಕತ್ತರಿಸಿ ಚಾಪೆಯ ಆ ಬದಿಗೆ ಸರಿಸಿದೆ. ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತೆ. ಸ್ವಲ್ಪ ಹೊತ್ತಿಗೆ ಪಡಸಾಲೆಯಲ್ಲಿ ಬೆಂಕಿಕಡ್ಡಿ ಗೀರಿದ ಸದ್ದಾಯಿತು.